ಸಣ್ಣ ಕಚೇರಿಯ ಸರ್ವರ್‌ಗೆ ಡೆಬಿಯನ್: ಮುಂಬಯಿಯ ನಮ್ಮವರಿಗೊಂದು ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಅದಾದ ಮೇಲೆ ಫೋರ್ಟ್‌ನ ಸಿಎ ಕಚೇರಿ, ವಾಶಿಯ ಟ್ರಾನ್ಸ್‌ಪೋರ್ಟ್ ಆಫೀಸು, ಮಾಟುಂಗದ ಹೋಟೆಲಿನ ಲೆಕ್ಕದ ಕೋಣೆ, ಎಲ್ಲಿ ಹೋದರೂ ವಿಂಡೋಸ್ 11 ಹಾಕಲು ಬಾರದ, ಆದರೆ ಗಟ್ಟಿಮುಟ್ಟಾಗಿಯೇ ಇರುವ ಡೆಸ್ಕ್‌ಟಾಪ್‌ಗಳು ಮೂಲೆ ಸೇರಿರುವುದು ಕಾಣುತ್ತದೆ. ಇಂಟೆಲ್‌ನ ಆರನೇ, ಏಳನೇ ತಲೆಮಾರಿನ ಪ್ರೊಸೆಸರ್ ಇರುವ ಇಂಥ ಯಂತ್ರ ಐದಾರು ಜನರ ಕಚೇರಿಗೆ ಫೈಲ್ ಸರ್ವರ್ (ಎಲ್ಲರ ಫೈಲುಗಳನ್ನು ಒಂದೆಡೆ ಇಟ್ಟು ಹಂಚುವ ಯಂತ್ರ) ಆಗಲು ಧಾರಾಳವಾಗಿ ಸಾಕು. 8 ಜಿಬಿ ರ್‍ಯಾಮ್ ಇದ್ದರೆ ಮತ್ತೇನೂ ಬೇಡ.

ಡೆಬಿಯನ್ ಏಕೆ? 1993ರಿಂದ ಸ್ವಯಂಸೇವಕರೇ ಕಟ್ಟಿಕೊಂಡು ಬಂದಿರುವ, ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಅದು. ಲೈಸೆನ್ಸ್ ಶುಲ್ಕವಿಲ್ಲ, ಇಷ್ಟೇ ಜನ ಬಳಸಬೇಕೆಂಬ ಮಿತಿಯಿಲ್ಲ, ನಾಳೆ ಬೆಲೆ ಏರಿಸಲು ಹಿಂದೆ ಕಂಪನಿಯೂ ಇಲ್ಲ. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಪ್ರತಿ ಆವೃತ್ತಿಗೂ ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, ಅಂದರೆ ಟ್ರಿಕ್ಸಿಯನ್ನು ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ತೀರ ಹಳೆಯ 32 ಬಿಟ್ ಯಂತ್ರಗಳಿಗೆ ಇದರಲ್ಲಿ ಇನ್‌ಸ್ಟಾಲರ್ ಇಲ್ಲ, ಅವನ್ನು ಬಿಟ್ಟುಬಿಡಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಆಪರೇಟಿಂಗ್ ಸಿಸ್ಟಂ ಒಂದು ಡಿಸ್ಕ್‌ನಲ್ಲಿರಲಿ, ಕಚೇರಿಯ ಫೈಲುಗಳು ಬೇರೆ ಡಿಸ್ಕ್‌ಗಳಲ್ಲಿರಲಿ. ಸಿಸ್ಟಂ ಇರುವ ಡಿಸ್ಕನ್ನು ಯಾವತ್ತು ಬೇಕಾದರೂ ಕಿತ್ತೆಸೆದು ಒಂದು ಗಂಟೆಯಲ್ಲಿ ಹೊಸದಾಗಿ ಕಟ್ಟುವಂತಿರಬೇಕು. ಫೈಲುಗಳ ಡಿಸ್ಕ್‌ಗೆ ಮಾತ್ರ ಯಾವ ಕಾರಣಕ್ಕೂ ಕೈ ತಾಗಬಾರದು. ಸಣ್ಣ ಕಚೇರಿಗಳಲ್ಲಿ ಎರಡನ್ನೂ ಒಂದೇ ಡಿಸ್ಕ್‌ಗೆ ತುಂಬಿ, ಏನಾದರೂ ಕೆಟ್ಟಾಗ ಎರಡನ್ನೂ ಕಳೆದುಕೊಳ್ಳುವುದನ್ನು ನೋಡಿ ನೋಡಿ ಈ ಮಾತು ಹೇಳುತ್ತಿದ್ದೇನೆ.

ಏನೇನು ಬೇಕು

ಸಿಸ್ಟಂಗೆ 240 ಜಿಬಿಯ ಒಂದು ಎಸ್‌ಎಸ್‌ಡಿ. ಫೈಲುಗಳಿಗೆ ಒಂದೇ ಅಳತೆಯ ಎರಡು ಹಾರ್ಡ್‌ಡಿಸ್ಕ್, 2 ಅಥವಾ 4 ಟಿಬಿ. ಆ ಎರಡೂ ಬೇರೆ ಬೇರೆ ಕಂಪನಿಯವಾಗಿದ್ದರೆ ಒಳ್ಳೆಯದು. ಒಂದೇ ದಿನ ಒಂದೇ ಪೆಟ್ಟಿಗೆಯಿಂದ ತಂದ ಜೋಡಿ ಹೆಚ್ಚುಕಡಿಮೆ ಒಟ್ಟಿಗೇ ಕೈಕೊಡುವ ಅಪಾಯವಿರುತ್ತದೆ. ಬ್ಯಾಕಪ್‌ಗೆ ಯುಎಸ್‌ಬಿಯ ಎರಡು ಹೊರಗಿನ ಡಿಸ್ಕ್. ಯುಎಸ್‌ಬಿ ಕೇಬಲ್ ಇರುವ ಒಂದು ಯುಪಿಎಸ್. ನೆಟ್‌ವರ್ಕ್‌ಗೆ ವೈಫೈ ಬೇಡ, ರೂಟರ್‌ನಿಂದ ನೇರವಾಗಿ ಕೇಬಲ್ ಎಳೆಯಿರಿ.

ಇವೆಲ್ಲ ಗ್ರಾಂಟ್ ರೋಡ್ ಸ್ಟೇಷನ್ ಪಕ್ಕದ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಸಿಗುತ್ತವೆ. ಅಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ಕಡಿಮೆ ಬೆಲೆಗೆ ಬಂತೆಂದು ತರುವವರು ಅದರ ಸ್ಮಾರ್ಟ್ ವರದಿ (ಡಿಸ್ಕ್ ತಾನೇ ಬರೆದಿಡುವ ಆರೋಗ್ಯದ ಲೆಕ್ಕ) ನೋಡದೆ ತರಬೇಡಿ. ವರದಿಯಲ್ಲಿ ಪವರ್ ಆನ್ ಅವರ್ಸ್ ಎಂಬ ಸಾಲಿದೆ. ವರ್ಷಕ್ಕೆ 8,760 ಗಂಟೆ, ಹಾಗಾಗಿ 30,000 ಎಂದಿದ್ದರೆ ಆ ಡಿಸ್ಕ್ ಬೇರೆಲ್ಲೋ ಮೂರು ವರ್ಷಕ್ಕೂ ಹೆಚ್ಚು ಕಾಲ ಹಗಲೂ ರಾತ್ರಿ ತಿರುಗಿದೆ ಎಂದರ್ಥ. ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬೆರಡು ಸಾಲುಗಳ ಕೊನೆಯ ಅಂಕಿ ಸೊನ್ನೆಯೇ ಆಗಿರಬೇಕು. ಒಂದಿದ್ದರೂ ವಾಪಸ್ ಕೊಡಿ.

ಸರ್ವರ್ ಎಲ್ಲಿಡಬೇಕು ಎಂಬುದನ್ನು ಮುಂಬಯಿಯಲ್ಲಿ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ನೆಲಮಾಳಿಗೆಯ, ನೆಲಮಹಡಿಯ ಕಚೇರಿಗಳಲ್ಲಿ ಮೇಜಿನ ಕೆಳಗಿದ್ದ ಯಂತ್ರಗಳ ಗತಿ ಆವತ್ತು ಏನಾಯಿತೆಂದು ಹಳಬರನ್ನು ಕೇಳಿ. ಈಗಲೂ "ಸರ್ವರ್ ಎಲ್ಲಿಟ್ಟಿದ್ದೀರಿ?" ಎಂದರೆ "ಅದಾ ಸಾರ್, ಇಲ್ಲೇ ಮೇಜಿನ ಕೆಳಗಿದೆಯಲ್ಲ" ಎಂಬ ಉತ್ತರವೇ ಹೆಚ್ಚು. ಎದೆಯ ಮಟ್ಟದಲ್ಲಿ ಗೋಡೆಗೆ ಒಂದು ಗಟ್ಟಿ ಶೆಲ್ಫ್ ಹಾಕಿಸಿ. ಎಸಿಯ ನೀರು ತೊಟ್ಟಿಕ್ಕುವ ಜಾಗ ಬೇಡ. ಲಾಫ್ಟ್‌ ಬೇಡವೇ ಬೇಡ, ಮೇ ತಿಂಗಳಲ್ಲಿ ಅಲ್ಲಿನ ಸೆಕೆ ಡಿಸ್ಕ್‌ಗೆ ಒಗ್ಗುವುದಿಲ್ಲ. ಹಳೆಯ ಕಟ್ಟಡವಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಮೊದಲು ಅದನ್ನು ಸರಿಮಾಡಿಸಬೇಕು.

ಪೆನ್‌ಡ್ರೈವ್ ತಯಾರಿ

ಡೆಬಿಯನ್‌ನ ಅಧಿಕೃತ ತಾಣದಿಂದ ನೆಟ್‌ಇನ್‌ಸ್ಟ್ ಎಂಬ ಚಿಕ್ಕ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. ಇಂಟೆಲ್ ಪ್ರೊಸೆಸರ್ ಇದ್ದರೂ ಎಎಮ್‌ಡಿ64 ಎಂದು ಬರೆದಿರುವುದನ್ನೇ ತೆಗೆದುಕೊಳ್ಳಬೇಕು, 64 ಬಿಟ್ ಯಂತ್ರಗಳಿಗೆಲ್ಲ ಅದೇ ಹೆಸರು. ಅದರ ಪಕ್ಕದಲ್ಲೇ ಚೆಕ್‌ಸಮ್ ಫೈಲ್ ಇರುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಆದೇಶ ಕೊಟ್ಟು, ಬಂದ ಸಂಖ್ಯೆಯನ್ನು ಆ ಫೈಲಿನಲ್ಲಿರುವುದರ ಜೊತೆ ತಾಳೆ ನೋಡಿ. ಎರಡು ನಿಮಿಷದ ಕೆಲಸವೆಂದು ಬಿಟ್ಟುಬಿಡಬೇಡಿ. ಅರ್ಧಂಬರ್ಧ ಇಳಿದ ಫೈಲಿನಿಂದ ಇನ್‌ಸ್ಟಾಲ್ ಮಾಡಹೊರಟರೆ ಅರ್ಧ ದಿನ ಹಾಳಾಗುತ್ತದೆ.

ರೂಫಸ್ ತಂತ್ರಾಂಶದಲ್ಲಿ ಐಎಸ್‌ಒ ಆರಿಸಿ ಪೆನ್‌ಡ್ರೈವ್‌ಗೆ ಬರೆಯಿರಿ, ಯಾವ ರೀತಿ ಎಂದು ಕೇಳಿದಾಗ ಡಿಡಿ ಮೋಡ್ ಎನ್ನಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ಬಯಾಸ್‌ನಲ್ಲಿ ಮೊದಲ ಬದಲಾವಣೆ

ಯಂತ್ರ ಚಾಲೂ ಮಾಡುತ್ತಲೇ ಎಫ್2 ಅಥವಾ ಡಿಲೀಟ್ ಒತ್ತಿ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ. ಅಲ್ಲಿ ಒಂದು ಸೆಟ್ಟಿಂಗ್ ತಪ್ಪದೆ ಬದಲಿಸಿ: ಕರೆಂಟ್ ಹೋಗಿ ಬಂದಾಗ ಯಂತ್ರ ಏನು ಮಾಡಬೇಕು ಎಂಬುದು. ಇದು ಎಸಿ ಪವರ್ ರಿಕವರಿ ಅಥವಾ ಆಫ್ಟರ್ ಪವರ್ ಲಾಸ್ ಎಂಬ ಹೆಸರಿನಲ್ಲಿರುತ್ತದೆ. ಪವರ್ ಆನ್ ಎಂದು ಇಡಿ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಗ್ರಿಡ್ ಬಿದ್ದು ಮುಂಬಯಿಗೆ ಮುಂಬಯಿಯೇ ಕತ್ತಲಾಗಿದ್ದು ನೆನಪಿರಬಹುದು. ಅಂಥ ದಿನ ಕರೆಂಟ್ ಬಂದ ಮೇಲೆ ಸರ್ವರ್‌ನ ಗುಂಡಿ ಒತ್ತಲಿಕ್ಕೆಂದೇ ಯಾರೂ ಡೊಂಬಿವ್ಲಿಯಿಂದ ಲೋಕಲ್ ಹಿಡಿದು ಬರುವಂತಾಗಬಾರದು.

ಸಾಟಾ ಸೆಟ್ಟಿಂಗ್ ಎಎಚ್‌ಸಿಐ ಆಗಿರಲಿ. ಸೆಕ್ಯೂರ್ ಬೂಟ್ ಹಾಗೇ ಇದ್ದರೂ ಡೆಬಿಯನ್‌ಗೆ ತೊಂದರೆಯಿಲ್ಲ.

ಇನ್‌ಸ್ಟಾಲ್

ಶುರುಮಾಡುವ ಮುನ್ನ ಯಂತ್ರ ಆರಿಸಿ, ಫೈಲುಗಳಿಗೆಂದು ತಂದ ಎರಡೂ ಹಾರ್ಡ್‌ಡಿಸ್ಕ್‌ಗಳ ಕೇಬಲ್ ಕಳಚಿ. ಈಗ ಇನ್‌ಸ್ಟಾಲರ್‌ಗೆ ಕಾಣುವುದು ಎಸ್‌ಎಸ್‌ಡಿ ಮತ್ತು ಪೆನ್‌ಡ್ರೈವ್ ಮಾತ್ರ. ತಪ್ಪು ಡಿಸ್ಕ್ ಅಳಿಸಿಬಿಡುವ ಭಯ ಅಲ್ಲಿಗೇ ಮುಗಿಯಿತು. ಹೊಸ ಡಿಸ್ಕ್ ತಾನೇ, ಖಾಲಿ ಇದೆಯಲ್ಲ ಎಂದು ಬಿಡಬೇಡಿ. ಇದು ಅಭ್ಯಾಸವಾಗಬೇಕು, ಮುಂದೆ ಖಾಲಿ ಇಲ್ಲದ ದಿನ ಇದೇ ಕೈ ಕಾಯುತ್ತದೆ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಮೊದಲ ಪರದೆಯಲ್ಲಿ ಗ್ರಾಫಿಕಲ್ ಇನ್‌ಸ್ಟಾಲ್ ಆರಿಸಿ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ನಮ್ಮವರೇ ಕೂತು ಅನುವಾದಿಸಿದ್ದನ್ನು ಅಲ್ಲಿ ಕಂಡಾಗ ಹೆಮ್ಮೆಯೆನಿಸುತ್ತದೆ. ಆದರೂ ಸರ್ವರ್‌ಗೆ ಇಂಗ್ಲಿಷ್ ಆರಿಸಿರೆಂದೇ ನನ್ನ ಸಲಹೆ. ಏನಾದರೂ ಕೆಟ್ಟಾಗ ಬರುವ ದೋಷದ ಸಂದೇಶವನ್ನು ಹಾಗೇ ಹುಡುಕಿ ಪರಿಹಾರ ಕಂಡುಕೊಳ್ಳಲು ಅದು ಇಂಗ್ಲಿಷ್‌ನಲ್ಲಿರುವುದು ಅನುಕೂಲ. ಭಾಷೆ ಇಂಗ್ಲಿಷ್ ಆದರೂ ಫೈಲುಗಳ ಹೆಸರು ಕನ್ನಡದಲ್ಲಿರಲು ಯಾವ ಅಡ್ಡಿಯೂ ಇಲ್ಲ. ದೇಶ ಇಂಡಿಯಾ, ಕೀಲಿಮಣೆ ಅಮೆರಿಕನ್ ಇಂಗ್ಲಿಷ್.

ಹೋಸ್ಟ್‌ನೇಮ್‌ಗೆ ಚಿಕ್ಕದೊಂದು ಹೆಸರು ಕೊಡಿ. ಡೊಮೇನ್ ಖಾಲಿ ಬಿಡಿ. ಮುಂದೆ ರೂಟ್ ಎಂಬ ಸರ್ವಾಧಿಕಾರದ ಖಾತೆಯ ಪಾಸ್‌ವರ್ಡ್ ಕೇಳುತ್ತದೆ, ಅದನ್ನೂ ಖಾಲಿ ಬಿಡಿ. ಖಾಲಿ ಬಿಟ್ಟರೆ ರೂಟ್ ಖಾತೆಗೆ ಬೀಗ ಬಿದ್ದು, ಮುಂದಿನ ಪರದೆಯಲ್ಲಿ ನೀವು ಮಾಡುವ ಖಾತೆಗೆ ಸುಡೊ ಎಂಬ ಆದೇಶದ ಮೂಲಕ ಆಡಳಿತದ ಅಧಿಕಾರ ತಾನಾಗಿ ಸಿಗುತ್ತದೆ. ಆ ಖಾತೆಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಅಂಟಿಸಿ, ಕಚೇರಿಯ ಯಜಮಾನರ ಕಪಾಟಿನಲ್ಲಿಡಿಸಿ. ಇನ್‌ಸ್ಟಾಲ್ ಮಾಡಿದ ಹುಡುಗ ಕೆಲಸ ಬಿಟ್ಟು ದುಬೈಗೆ ಹೋದ ಮೇಲೆ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ಸರ್ವರ್‌ಗಳು ಈ ಊರಲ್ಲಿ ಬೇಕಾದಷ್ಟಿವೆ.

ಡಿಸ್ಕ್ ವಿಭಾಗಿಸುವ ಹಂತದಲ್ಲಿ ಗೈಡೆಡ್, ಇಡೀ ಡಿಸ್ಕ್ ಬಳಸಿ ಎಂಬುದನ್ನೂ, ಎಲ್ಲವೂ ಒಂದೇ ವಿಭಾಗದಲ್ಲಿ ಎಂಬುದನ್ನೂ ಆರಿಸಿ. ಎಲ್‌ವಿಎಮ್, ಎನ್‌ಕ್ರಿಪ್ಶನ್ ಎಂದು ತಲೆಕೆಡಿಸಿಕೊಳ್ಳಬೇಡಿ. ಸಿಸ್ಟಂ ಡಿಸ್ಕ್‌ಗೆ ಪೂರ್ತಿ ಎನ್‌ಕ್ರಿಪ್ಶನ್ ಹಾಕಿದರೆ ಪ್ರತಿ ಬಾರಿ ಚಾಲೂ ಆಗುವಾಗ ಯಾರಾದರೂ ಎದುರು ಕೂತು ಪಾಸ್‌ವರ್ಡ್ ಒತ್ತಬೇಕು, ಆಗ ಬಯಾಸ್‌ನಲ್ಲಿ ಮಾಡಿದ ಬದಲಾವಣೆ ವ್ಯರ್ಥ.

ತಂತ್ರಾಂಶ ಆಯ್ಕೆಯ ಪರದೆಯಲ್ಲಿ ಹಲವರು ಎಡವುತ್ತಾರೆ. ಅಲ್ಲಿ ಡೆಬಿಯನ್ ಡೆಸ್ಕ್‌ಟಾಪ್ ಮತ್ತು ಗ್ನೋಮ್ ಎಂಬುದಕ್ಕೆ ಮೊದಲೇ ಗುರುತು ಬಿದ್ದಿರುತ್ತದೆ. ಎರಡನ್ನೂ ತೆಗೆಯಿರಿ. ಎಸ್‌ಎಸ್‌ಎಚ್ ಸರ್ವರ್, ಸ್ಟ್ಯಾಂಡರ್ಡ್ ಸಿಸ್ಟಂ ಯುಟಿಲಿಟೀಸ್ ಇವೆರಡಕ್ಕೆ ಮಾತ್ರ ಗುರುತಿರಲಿ. ಡೆಸ್ಕ್‌ಟಾಪ್ ಇದ್ದರೆ ಯಾರಾದರೂ ಸರ್ವರ್ ಮುಂದೆ ಕೂತು ಬ್ರೌಸರ್ ತೆರೆಯುತ್ತಾರೆ, ಅಲ್ಲಿಂದ ತೊಂದರೆ ಶುರು.

ರೂಟರ್‌ನಲ್ಲಿ ಒಂದು ಕೆಲಸ

ಸರ್ವರ್‌ನ ಐಪಿ ವಿಳಾಸ ದಿನಕ್ಕೊಂದಾಗಬಾರದು. ಇದಕ್ಕೆ ಸರ್ವರ್‌ನ ಕಡತಗಳನ್ನು ತಿದ್ದುವುದಕ್ಕಿಂತ ರೂಟರ್‌ನಲ್ಲೇ ಡಿಎಚ್‌ಸಿಪಿ ರಿಸರ್ವೇಶನ್ ಮಾಡುವುದು ಸುಲಭ. ಸರ್ವರ್‌ನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) 192.168.1.10 ಎಂದೋ ಏನೋ ಒಂದನ್ನು ಕಾಯ್ದಿರಿಸಿ. ರೂಟರ್ ಒಳಗಿರುವಾಗಲೇ ಇನ್ನೊಂದನ್ನೂ ನೋಡಿ: ಹೊರಗಿನಿಂದ 445ನೇ ಪೋರ್ಟ್ (ಫೈಲ್ ಹಂಚಿಕೆಯ ಬಾಗಿಲು) ಒಳಗೆ ಬಿಡುವ ಯಾವ ನಿಯಮವೂ ಇರಕೂಡದು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದ್ದು ಇದೇ ಬಾಗಿಲಿನಿಂದ.

ಕಾಕ್‌ಪಿಟ್ ಮತ್ತು ಡಿಸ್ಕ್ ಜೋಡಿ

ಇಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಕೀಲಿಮಣೆಯಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಒತ್ತಬೇಕು. ಲಾಗಿನ್ ಆಗಿ ಮೊದಲು:

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಕಾಕ್‌ಪಿಟ್ ಎಮ್‌ಡಿಎಡಿಎಮ್ ಸಾಂಬಾ ಸ್ಮಾರ್ಟ್‌ಮಾನ್‌ಟೂಲ್ಸ್ ರೆಸ್ಟಿಕ್ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್

ಕೊನೆಯದು ಭದ್ರತೆಯ ತಿದ್ದುಪಡಿಗಳನ್ನು ತಾನಾಗಿಯೇ ತಂದು ಹಾಕುತ್ತದೆ. ಈಗ ಯಂತ್ರ ಆರಿಸಿ, ಕಳಚಿದ್ದ ಎರಡು ಡಿಸ್ಕ್‌ಗಳ ಕೇಬಲ್ ಸಿಕ್ಕಿಸಿ, ಮತ್ತೆ ಚಾಲೂ ಮಾಡಿ. ಸರ್ವರ್‌ನ ಮಾನಿಟರ್, ಕೀಲಿಮಣೆ ತೆಗೆದಿಡಬಹುದು. ಇನ್ನು ನಿಮ್ಮ ಮೇಜಿನ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಸರ್ವರ್‌ನ ವಿಳಾಸ, ಅದರ ಮುಂದೆ ಕೋಲನ್ ಹಾಕಿ 9090 ಎಂದು ಕೊಟ್ಟರೆ ಬ್ರೌಸರ್‌ನಿಂದಲೇ ಸರ್ವರ್ ನೋಡಿಕೊಳ್ಳುವ ಕಾಕ್‌ಪಿಟ್ ತಂತ್ರಾಂಶ ತೆರೆದುಕೊಳ್ಳುತ್ತದೆ. ಪ್ರಮಾಣಪತ್ರ ನಂಬಲರ್ಹವಲ್ಲ ಎಂದು ಬ್ರೌಸರ್ ಎಚ್ಚರಿಸುತ್ತದೆ. ಅದು ಸರ್ವರ್ ತಾನೇ ಬರೆದುಕೊಂಡ ಪ್ರಮಾಣಪತ್ರ, ಕಚೇರಿಯ ಒಳಗಿನ ಬಳಕೆಗೆ ಪರವಾಗಿಲ್ಲ, ಮುಂದುವರಿಯಿರಿ. ಲಾಗಿನ್ ಆದ ಮೇಲೆ ಮೇಲಿರುವ ಗುಂಡಿಯಿಂದ ಆಡಳಿತದ ಅಧಿಕಾರ ಪಡೆಯಿರಿ.

ಸ್ಟೋರೇಜ್ ಪುಟದಲ್ಲಿ ಎಮ್‌ಡಿರೈಡ್ ಸಾಧನ ಸೃಷ್ಟಿಸುವ ಆಯ್ಕೆಯಿದೆ. ರೈಡ್ 1 ಆರಿಸಿ, ಎರಡು ಡಿಸ್ಕ್‌ಗಳಿಗೆ ಗುರುತು ಹಾಕಿ. ಇನ್ನು ಬರೆದದ್ದೆಲ್ಲ ಎರಡೂ ಕಡೆ ಏಕಕಾಲಕ್ಕೆ ಹೋಗುತ್ತದೆ, ಒಂದು ಸತ್ತರೂ ಇನ್ನೊಂದರಲ್ಲಿ ಕೆಲಸ ನಡೆಯುತ್ತದೆ. ಮೊದಲ ಸಲ ಎರಡೂ ಹೊಂದಿಕೊಳ್ಳಲು ಹಲವು ಗಂಟೆ ಬೇಕು, ಅಷ್ಟರಲ್ಲಿ ಮುಂದಿನ ಕೆಲಸ ಮಾಡಿಕೊಳ್ಳಬಹುದು. ಜೋಡಿಯನ್ನು ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿ, ಮೌಂಟ್ ಪಾಯಿಂಟ್ (ಡಿಸ್ಕ್ ಯಾವ ಫೋಲ್ಡರ್ ಆಗಿ ಕಾಣಬೇಕು ಎಂಬುದು) /ಎಸ್‌ಆರ್‌ವಿ/ಡೇಟಾ ಎಂದು ಕೊಡಿ.

ಬೂಟ್ ಆಗುವಾಗ ಮೌಂಟ್ ಹೇಗೆ ಎಂದು ಅಲ್ಲೇ ಕೇಳುತ್ತದೆ. ಕಾಯದೆ ಮೌಂಟ್ ಮಾಡು, ಆಗದಿದ್ದರೆ ಬಿಟ್ಟುಬಿಡು ಎಂಬ ಅರ್ಥದ ಆಯ್ಕೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಡಿಸ್ಕ್ ಜೋಡಿಗೆ ತೊಂದರೆಯಾದ ದಿನ ಸರ್ವರ್ ಅರ್ಧಕ್ಕೇ ನಿಂತು, ಮಾನಿಟರ್ ತಂದು ಸಿಕ್ಕಿಸುವವರೆಗೂ ಏನಾಗಿದೆಯೆಂದೇ ತಿಳಿಯುವುದಿಲ್ಲ. ಆದರೆ ಈ ಆಯ್ಕೆಯಲ್ಲೂ ಒಂದು ಅಪಾಯವಿದೆ. ಜೋಡಿ ಮೌಂಟ್ ಆಗದಿದ್ದಾಗ /ಎಸ್‌ಆರ್‌ವಿ/ಡೇಟಾ ಎಂಬುದು ಎಸ್‌ಎಸ್‌ಡಿ ಮೇಲಿನ ಬರೀ ಖಾಲಿ ಫೋಲ್ಡರ್. ಅದನ್ನೇ ಹಂಚಿದ್ದರೆ ಕಚೇರಿಯವರು ದಿನವಿಡೀ ಎಸ್‌ಎಸ್‌ಡಿಗೆ ಬರೆಯುತ್ತಾರೆ, ಸಂಜೆ ಫೈಲು ಎಲ್ಲಿ ಹೋಯಿತೆಂದು ಹುಡುಕಾಟ. ಆದ್ದರಿಂದ ಜೋಡಿ ಮೌಂಟ್ ಆದ ಮೇಲೆ ಅದರ ಒಳಗೆ ಕಚೇರಿ ಎಂಬ ಇನ್ನೊಂದು ಫೋಲ್ಡರ್ ಮಾಡಿ, ಅದನ್ನು ಮಾತ್ರ ಹಂಚಿ. ಜೋಡಿ ಇಲ್ಲದ ದಿನ ಆ ಫೋಲ್ಡರೂ ಇರುವುದಿಲ್ಲ, ಫೈಲ್ ತೆರೆಯಲು ಹೋದವರಿಗೆ ದೋಷ ಕಾಣುತ್ತದೆ, ಕೂಡಲೇ ಫೋನ್ ಬರುತ್ತದೆ.

ಸಾಂಬಾ

ಸರ್ವರ್‌ನ ಫೋಲ್ಡರನ್ನು ವಿಂಡೋಸ್ ಯಂತ್ರಗಳಿಗೆ ಹಂಚುವ ತಂತ್ರಾಂಶ ಸಾಂಬಾ. ಕಾಕ್‌ಪಿಟ್‌ನ ಅಕೌಂಟ್ಸ್ ಪುಟದಲ್ಲಿ ಆಫೀಸ್ ಎಂಬ ಗುಂಪು ಮಾಡಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಕೊಟ್ಟು ಆ ಗುಂಪಿಗೆ ಸೇರಿಸಿ. ಎಲ್ಲರಿಗೂ ಒಂದೇ ಖಾತೆ ಬೇಡ. ಕಾಕ್‌ಪಿಟ್‌ನಲ್ಲೇ ಟರ್ಮಿನಲ್ ಇದೆ, ಅಲ್ಲಿ ಒಬ್ಬೊಬ್ಬರಿಗೂ ಸುಡೊ ಎಸ್‌ಎಮ್‌ಬಿಪಾಸ್‌ವಿಡಿ -ಎ ಎಂದು, ಮುಂದೆ ಅವರ ಹೆಸರು ಕೊಟ್ಟು ಸಾಂಬಾದ ಪಾಸ್‌ವರ್ಡ್ ಇಡಿ. ಹಂಚುವ ಫೋಲ್ಡರನ್ನು ಸಿಎಚ್‌ಜಿಆರ್‌ಪಿ ಆದೇಶದಿಂದ ಆಫೀಸ್ ಗುಂಪಿಗೆ ಒಪ್ಪಿಸಿ, ಸಿಎಚ್‌ಮಾಡ್ 2770 ಕೊಡಿ. ಮೊದಲಿನ 2 ಇರುವುದರಿಂದ ಒಳಗೆ ಯಾರು ಹೊಸ ಫೈಲು ಮಾಡಿದರೂ ಅದು ಗುಂಪಿಗೇ ಸೇರುತ್ತದೆ.

ಆಮೇಲೆ /ಇಟಿಸಿ/ಸಾಂಬಾ ಒಳಗಿನ ಎಸ್‌ಎಮ್‌ಬಿ.ಕಾನ್ಫ್ ಕಡತದ ಕೊನೆಗೆ ಈ ಸಾಲುಗಳು:

[ಕಚೇರಿ]
ಪಾತ್ = /ಎಸ್‌ಆರ್‌ವಿ/ಡೇಟಾ/ಕಚೇರಿ
ರೀಡ್ ಓನ್ಲಿ = ನೋ
ವ್ಯಾಲಿಡ್ ಯೂಸರ್ಸ್ = @ಆಫೀಸ್
ಫೋರ್ಸ್ ಗ್ರೂಪ್ = ಆಫೀಸ್
ಕ್ರಿಯೇಟ್ ಮಾಸ್ಕ್ = 0660
ಡೈರೆಕ್ಟರಿ ಮಾಸ್ಕ್ = 2770

ಟೆಸ್ಟ್‌ಪಾರ್ಮ್ ಎಂಬ ಆದೇಶ ಕೊಟ್ಟರೆ ತಪ್ಪಿದ್ದಲ್ಲಿ ತೋರಿಸುತ್ತದೆ. ಸರಿಯಿದ್ದರೆ ಎಸ್‌ಎಮ್‌ಬಿಡಿ ಸೇವೆಯನ್ನು ಮರುಚಾಲೂ ಮಾಡಿ, ವಿಂಡೋಸ್ ಯಂತ್ರದಲ್ಲಿ ಎರಡು ಹಿಂಗೆರೆ (ಬ್ಯಾಕ್‌ಸ್ಲ್ಯಾಷ್), ಸರ್ವರ್‌ನ ವಿಳಾಸ, ಮತ್ತೊಂದು ಹಿಂಗೆರೆ, ಫೋಲ್ಡರ್ ಹೆಸರು ಹೀಗೆ ಕೊಟ್ಟು ತೆರೆಯಿರಿ.

ಟ್ಯಾಲಿಯ ಡೇಟಾ ಫೋಲ್ಡರ್ ಇಡುವುದಿದ್ದರೆ ಅದಕ್ಕೆ ಬೇರೆಯೇ ಹಂಚಿಕೆ ಮಾಡಿ, ಅದರಲ್ಲಿ ಆಪ್‌ಲಾಕ್ಸ್ = ನೋ, ಲೆವೆಲ್2 ಆಪ್‌ಲಾಕ್ಸ್ = ನೋ ಎಂಬೆರಡು ಸಾಲು ಸೇರಿಸಿ. ಹಲವರು ಒಂದೇ ಡೇಟಾ ಫೈಲಿಗೆ ಬರೆಯುವಾಗ ಒಬ್ಬೊಬ್ಬರ ಯಂತ್ರವೂ ತನ್ನಲ್ಲೇ ಹಿಡಿದಿಟ್ಟುಕೊಂಡು ಬರೆಯುವುದನ್ನು ಇವು ತಡೆಯುತ್ತವೆ. ಸ್ವಲ್ಪ ನಿಧಾನವೆನಿಸಬಹುದು, ಲೆಕ್ಕ ಕೆಡುವುದಕ್ಕಿಂತ ವಾಸಿ. ಮೊದಲು ನಕಲು ಡೇಟಾದಲ್ಲಿ ಒಂದೆರಡು ದಿನ ನಡೆಸಿ ನೋಡಿ, ಆಮೇಲೆ ನಿಜವಾದದ್ದನ್ನು ತನ್ನಿ.

ಹಳೆಯ ಜೆರಾಕ್ಸ್-ಸ್ಕ್ಯಾನರ್ ಯಂತ್ರ ನೇರವಾಗಿ ಫೋಲ್ಡರ್‌ಗೆ ಸ್ಕ್ಯಾನ್ ಕಳಿಸುತ್ತಿದ್ದರೆ ಅದು ಈಗ ನಿಲ್ಲಬಹುದು. ಅಂಥವು ಎಸ್‌ಎಮ್‌ಬಿ1 ಎಂಬ ಹಳೆಯ ರೀತಿಯನ್ನಷ್ಟೇ ಬಲ್ಲವು, ಸಾಂಬಾ ಅದನ್ನು 2019ರಿಂದ ತಾನಾಗಿಯೇ ಮುಚ್ಚಿಟ್ಟಿದೆ. ಸ್ಕ್ಯಾನರ್‌ಗಾಗಿ ಇಡೀ ಕಚೇರಿಯ ಬಾಗಿಲು ತೆರೆಯಬೇಡಿ, ಸ್ಕ್ಯಾನನ್ನು ಇಮೇಲ್‌ಗೋ ಪೆನ್‌ಡ್ರೈವ್‌ಗೋ ಹಾಕಿಕೊಳ್ಳಿ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ತಿಳಿದಿರಬೇಕಾದ ವಿಷಯ ಒಂದಿದೆ. ಸರ್ವರ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ "ಶ್ರೀ" ಒಳಗೆ ಶ, ಹಲಂತ ಚಿಹ್ನೆ, ರ, ದೀರ್ಘ ಈ ಸ್ವರಚಿಹ್ನೆ ಎಂದು ನಾಲ್ಕು ಸಂಕೇತ, ಅಂದರೆ 12 ಬೈಟ್. ಹೀಗಾಗಿ ಒಟ್ಟು 85 ಸಂಕೇತಕ್ಕೇ ಹೆಸರು ತುಂಬಿಹೋಗುತ್ತದೆ. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯ ಫೈಲಿಗೆ ಶೀರ್ಷಿಕೆಯನ್ನೇ ಪೂರ್ತಿ ಹೆಸರಾಗಿ ಇಟ್ಟರೆ ವಿಂಡೋಸ್‌ನಲ್ಲಿ ಚೆನ್ನಾಗಿಯೇ ಇರುತ್ತದೆ, ಸರ್ವರ್‌ಗೆ ನಕಲಿಸುವಾಗ ಆಗುವುದಿಲ್ಲ ಎನ್ನುತ್ತದೆ. ಕಾರಣ ಹೊಳೆಯದೆ ಡಿಸ್ಕ್ ಕೆಟ್ಟಿತೆಂದು ಗಾಬರಿಯಾಗುವವರೇ ಹೆಚ್ಚು. ಹೆಸರು ಚಿಕ್ಕದು ಮಾಡಿದರೆ ಸರಿಹೋಗುತ್ತದೆ.

ಯುಪಿಎಸ್

ಸಾಮಾನ್ಯ 600 ವಿಎ ಯುಪಿಎಸ್ ಇಂಥ ಸರ್ವರ್ ಒಂದನ್ನೇ ಹತ್ತು ಹದಿನೈದು ನಿಮಿಷ ಹಿಡಿದಿಡಬಲ್ಲದು. ಅದಕ್ಕೆ ರೂಟರ್ ಸೇರಿಸಬಹುದು, ಲೇಸರ್ ಪ್ರಿಂಟರ್ ಮಾತ್ರ ಸೇರಿಸಬೇಡಿ. ನಟ್ ಎಂಬ ತಂತ್ರಾಂಶ ಹಾಕಿ ಯುಎಸ್‌ಬಿ ಕೇಬಲ್ ಜೋಡಿಸಿದರೆ, ಬ್ಯಾಟರಿ ಮುಗಿಯುವ ಮೊದಲು ಸರ್ವರ್ ತಾನಾಗಿ ನೆಟ್ಟಗೆ ಆರುತ್ತದೆ. ಇಲ್ಲಿ ಸಿಗುವ ಹಲವು ಯುಪಿಎಸ್‌ಗಳಿಗೆ ಅದರಲ್ಲಿನ ನಟ್‌ಡಿಆರ್‌ವಿ_ಕ್ಯೂಎಕ್ಸ್ ಚಾಲಕ ಹೊಂದುತ್ತದೆ.

ಬ್ಯಾಕಪ್

ಡಿಸ್ಕ್ ಜೋಡಿಯನ್ನೇ ಬ್ಯಾಕಪ್ ಎಂದು ತಿಳಿದು ನಿಶ್ಚಿಂತೆಯಿಂದಿರುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಅಕೌಂಟ್ಸ್ ಅಕ್ಕ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಆ ಕ್ಷಣಕ್ಕೇ ಎರಡೂ ಡಿಸ್ಕ್‌ನಿಂದ ಅದು ಹೋಗುತ್ತದೆ. ವಿಂಡೋಸ್ ಯಂತ್ರವೊಂದಕ್ಕೆ ರಾನ್ಸಮ್‌ವೇರ್ ಹೊಕ್ಕರೆ ಹಂಚಿದ ಫೈಲುಗಳೆಲ್ಲ ಎರಡೂ ಕಡೆ ಕೆಡುತ್ತವೆ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕದ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಕಂಪನಿಯಾಗಿ ನೋಂದಾಯಿಸಿಕೊಂಡವರು ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರ್‌ನಲ್ಲಿ ದಿನವೂ ಇಡಬೇಕೆಂದು 2022ರಲ್ಲಿ ನಿಯಮ ತಿದ್ದಲಾಗಿದೆ.

ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಹೊರಗಿನ ಡಿಸ್ಕ್ ಮೇಲೆ ಒಮ್ಮೆ ರೆಸ್ಟಿಕ್ ಇನಿಟ್ ಕೊಟ್ಟು ಭಂಡಾರ ತೆರೆಯಿರಿ, ಕ್ರಾನ್ ಎಂಬ ವೇಳಾಪಟ್ಟಿ ವ್ಯವಸ್ಥೆಯ ಮೂಲಕ ರಾತ್ರಿ ಎರಡಕ್ಕೆ ರೆಸ್ಟಿಕ್ ಬ್ಯಾಕಪ್ ನಡೆಯುವಂತೆ ಮಾಡಿ. ಬದಲಾದದ್ದನ್ನಷ್ಟೇ ಸೇರಿಸುತ್ತಾ ಪ್ರತಿ ದಿನದ ಸ್ಥಿತಿಯನ್ನು ಬೇರೆ ಬೇರೆಯಾಗಿ ಉಳಿಸುತ್ತದೆ, ಹೋದ ಮಂಗಳವಾರ ಇದ್ದ ಫೈಲು ಹೇಗಿತ್ತೋ ಹಾಗೇ ತೆಗೆಯಬಹುದು. ಎಲ್ಲವೂ ಎನ್‌ಕ್ರಿಪ್ಟ್ ಆಗಿರುವುದರಿಂದ ಡಿಸ್ಕ್ ರೈಲಿನಲ್ಲಿ ಕಳೆದುಹೋದರೂ ಗ್ರಾಹಕರ ಪ್ಯಾನ್, ಆಧಾರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ರೆಸ್ಟಿಕ್‌ನ ಪಾಸ್‌ವರ್ಡ್ ಮರೆತರೆ ನಿಮಗೂ ಸಿಗುವುದಿಲ್ಲ. ಅದೂ ಆ ಲಕೋಟೆಗೆ ಹೋಗಲಿ.

ಎರಡು ಡಿಸ್ಕ್ ಏಕೆಂದರೆ, ಒಂದು ಸರ್ವರ್‌ಗೆ ಸಿಕ್ಕಿಸಿರುವಾಗ ಇನ್ನೊಂದು ಯಜಮಾನರ ಮನೆಯಲ್ಲಿರಬೇಕು. ಶುಕ್ರವಾರ ಸಂಜೆ ಅದಲುಬದಲು. ಬ್ಯಾಕಪ್ ಡಿಸ್ಕನ್ನು ಸಾಂಬಾ ಮೂಲಕ ಯಾರಿಗೂ ಹಂಚಬೇಡಿ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೋಲ್ಡರನ್ನು ರೆಸ್ಟಿಕ್ ರಿಸ್ಟೋರ್ ಆದೇಶದಿಂದ ಬೇರೆ ಜಾಗಕ್ಕೆ ತೆಗೆದು, ಒಳಗಿನ ಎಕ್ಸೆಲ್ ಫೈಲನ್ನು ನಿಜವಾಗಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

ವಾರಕ್ಕೊಮ್ಮೆ ನೋಡುವುದು, ಎರಡು ವರ್ಷಕ್ಕೊಮ್ಮೆ ಮಾಡುವುದು

ಸೋಮವಾರ ಬೆಳಿಗ್ಗೆ ಕಾಕ್‌ಪಿಟ್ ತೆರೆದು ಡಿಸ್ಕ್ ಜೋಡಿ ನೆಟ್ಟಗಿದೆಯೇ ನೋಡಿ. ಟರ್ಮಿನಲ್‌ನಲ್ಲಿ /ಪ್ರಾಕ್/ಎಮ್‌ಡಿಸ್ಟ್ಯಾಟ್ ಕಡತ ತೆರೆದರೆ ಚೌಕ ಆವರಣದೊಳಗೆ ಎರಡು ಯು ಅಕ್ಷರ ಕಾಣಬೇಕು. ಒಂದರ ಜಾಗದಲ್ಲಿ ಅಡಿಗೆರೆ ಕಂಡರೆ ಒಂದು ಡಿಸ್ಕ್ ಬಿದ್ದಿದೆ ಎಂದು ತಿಳಿಯಿರಿ, ಅವತ್ತೇ ಹೊಸದು ತನ್ನಿ. ತಿಂಗಳ ಮೊದಲ ಭಾನುವಾರ ಡೆಬಿಯನ್ ಜೋಡಿಯನ್ನು ತಾನೇ ಪೂರ್ತಿ ಓದಿ ಪರೀಕ್ಷಿಸುತ್ತದೆ, ಆಗ ಸರ್ವರ್ ನಿಧಾನವಾಗಿದ್ದರೆ ಗಾಬರಿ ಬೇಡ.

ಡೆಬಿಯನ್ 14 ಬಂದಾಗ, ಕೆಲವು ತಿಂಗಳು ಬಿಟ್ಟು, ಹೊಸದೊಂದು ಎಸ್‌ಎಸ್‌ಡಿ ತನ್ನಿ. ಡೇಟಾ ಡಿಸ್ಕ್‌ಗಳ ಕೇಬಲ್ ಕಳಚಿ, ಹಳೆಯ ಎಸ್‌ಎಸ್‌ಡಿಯನ್ನೂ ತೆಗೆದಿಟ್ಟು, ಹೊಸದರ ಮೇಲೆ ಮೊದಲಿನಿಂದ ಇನ್‌ಸ್ಟಾಲ್ ಮಾಡಿ. ಖಾತೆಗಳನ್ನು ಹಿಂದಿನ ಕ್ರಮದಲ್ಲೇ ಸೃಷ್ಟಿಸಿ. ಫೈಲುಗಳ ಒಡೆತನ ಹೆಸರಿನಿಂದ ಅಲ್ಲ, ಖಾತೆಯ ಸಂಖ್ಯೆಯಿಂದ ಗುರುತಾಗುತ್ತದೆ, ಕ್ರಮ ತಪ್ಪಿದರೆ ಒಬ್ಬರ ಫೈಲು ಇನ್ನೊಬ್ಬರ ಹೆಸರಿಗೆ ಬೀಳುತ್ತದೆ. ಹಾಗಾಗಿ ಹಳೆಯ ಸರ್ವರ್‌ನ ಖಾತೆ ಸಂಖ್ಯೆಗಳ ಪಟ್ಟಿಯನ್ನೂ ಎಸ್‌ಎಮ್‌ಬಿ.ಕಾನ್ಫ್ ಕಡತವನ್ನೂ ಮೊದಲೇ ಮುದ್ರಿಸಿಟ್ಟುಕೊಳ್ಳಿ. ಕೊನೆಗೆ ಡೇಟಾ ಡಿಸ್ಕ್‌ಗಳನ್ನು ಸಿಕ್ಕಿಸಿದರೆ ಹೊಸ ಸಿಸ್ಟಂ ಆ ಜೋಡಿಯನ್ನು ತಾನೇ ಗುರುತು ಹಿಡಿಯುತ್ತದೆ. ಅದರ ಹೆಸರು ಎಮ್‌ಡಿ127 ಎಂದು ಬದಲಾಗಿ ಕಾಣಬಹುದು, ಒಳಗಿನದೆಲ್ಲ ಹಾಗೇ ಇರುತ್ತದೆ. ಫಾರ್ಮ್ಯಾಟ್ ಗುಂಡಿ ಮುಟ್ಟದೆ ಮೌಂಟ್ ಮಾತ್ರ ಮಾಡಿ. ಹೊಸದು ಸರಿಬರಲಿಲ್ಲವೆಂದರೆ ಹಳೆಯ ಎಸ್‌ಎಸ್‌ಡಿ ವಾಪಸ್ ಸಿಕ್ಕಿಸಿ ಚಾಲೂ ಮಾಡಿದರಾಯಿತು, ಬೆಳಿಗ್ಗೆ ಹತ್ತಕ್ಕೆ ಕಚೇರಿ ಎಂದಿನಂತೆ ನಡೆಯುತ್ತದೆ.